ಅಮೆರಿಕದ ಪುನಃಸ್ಥಾಪನಾ ಚಳವಳಿ ಮತ್ತು ಅದರ ಕಾಲದ ಸಮಾಜ

1804ನೆಯ ಇಸವಿಯ ಜೂನ್ 28ರಂದು ಅಮೆರಿಕದ ಕೆಂಟುಕಿ ಪ್ರಾಂತದಲ್ಲಿ ಒಂದು ವಿಲಕ್ಷಣ ದಸ್ತಾವೇಜು ಸಿದ್ಧವಾಯಿತು. ಅದೊಂದು ಮರಣಶಾಸನ. ಆದರೆ ಅದನ್ನು ಬರೆಸಿದುದು ಮರಣಶಯ್ಯೆಯಲ್ಲಿದ್ದ ಗೃಹಸ್ಥನಲ್ಲ, ಒಂದು ಧಾರ್ಮಿಕ ಮಂಡಲಿ. ‘ಸ್ಪ್ರಿಂಗ್‌ಫೀಲ್ಡ್ ಪ್ರೆಸ್ಬಿಟರಿ’ ಎಂಬ ಆ ಮಂಡಲಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ತಾನು ಸಾಯಬೇಕು, ತನ್ನ ಹೆಸರು ಅಳಿಯಬೇಕು, ತನ್ನ ಅಧಿಕಾರವೆಲ್ಲ ಕೊನೆಗೊಳ್ಳಬೇಕು, ಕ್ರಿಸ್ತನ ಅನುಯಾಯಿಗಳ ಒಂದೇ ಸಮುದಾಯದಲ್ಲಿ ತಾನು ಕರಗಿಹೋಗಬೇಕು ಎಂಬುದು ಅದರ ಇಂಗಿತ. ಆರು ಮಂದಿ ಪ್ರಚಾರಕರು ಅದಕ್ಕೆ ಸಾಕ್ಷಿ ಹಾಕಿದರು. ಅವರಲ್ಲಿ ಬಾರ್ಟನ್ ಸ್ಟೋನ್ ಎಂಬವನ ಹೆಸರು ಮುಂದೆ ಉಳಿಯಿತು. ಪಂಥಗಳನ್ನು ಅಳಿಸುವುದಕ್ಕಾಗಿ ಒಂದು ಪಂಥ ತನ್ನ ಸಾವನ್ನು ತಾನೇ ಘೋಷಿಸಿಕೊಂಡ ಈ ಪ್ರಸಂಗದಿಂದ ಅಮೆರಿಕದ ಧಾರ್ಮಿಕ ಇತಿಹಾಸದಲ್ಲಿ ಪುನಃಸ್ಥಾಪನಾ ಚಳವಳಿಯೆಂದು ಹೆಸರಾದ ಅಧ್ಯಾಯ ಆರಂಭವಾಯಿತೆನ್ನಬಹುದು.

ಅಪೊಸ್ತಲರ ಕಾಲದ ಮೊದಲ ಸಭೆ ಹೇಗಿದ್ದಿತೋ ಹಾಗೆಯೇ ಸಭೆಯನ್ನು ಮತ್ತೆ ನಿಲ್ಲಿಸಬೇಕು ಎಂಬುದು ಆ ಚಳವಳಿಯ ಗುರಿ. ಇಂಥ ಹಂಬಲ ಯೂರೋಪಿನಲ್ಲಿಯೂ ಇದ್ದಿತು. ಆದರೆ ಅಲ್ಲಿ ಚರ್ಚಿಗೆ ಅರಸನ ಬೆಂಬಲವೂ ತೆರಿಗೆಯ ಹಣವೂ ಸಾವಿರ ವರ್ಷಗಳ ರೂಢಿಯೂ ಇದ್ದುವು. ಅಮೆರಿಕದ ಸ್ಥಿತಿ ಬೇರೆ. ವರ್ಜೀನಿಯಾ 1786ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಶಾಸನವನ್ನು ಮಾಡಿತು. 1791ರ ಮೊದಲ ತಿದ್ದುಪಡಿ ಕೇಂದ್ರ ಸರಕಾರ ಯಾವ ಮತವನ್ನೂ ಸ್ಥಾಪಿಸಕೂಡದೆಂದು ವಿಧಿಸಿತು. ಮ್ಯಾಸಚೂಸೆಟ್ಸಿನಂಥ ಹಳೆಯ ಪ್ರಾಂತಗಳಲ್ಲಿ ಚರ್ಚಿನ ತೆರಿಗೆ 1833ರವರೆಗೂ ಉಳಿದಿದ್ದರೂ, ಅಪಲೇಶಿಯನ್ ಬೆಟ್ಟಗಳಾಚೆಯ ಕೆಂಟುಕಿ, ಟೆನೆಸೀ, ಒಹಾಯೊಗಳಲ್ಲಿ ಅಂಥ ಹಳೆಯ ಹೊರೆ ಇರಲಿಲ್ಲ. ಅಲ್ಲಿಗೆ ವಲಸೆ ಬಂದವರು ಕಾಡು ಕಡಿದು ಮರದ ದಿಮ್ಮಿಗಳಿಂದ ಮನೆ ಕಟ್ಟಿದಂತೆಯೇ ಪ್ರಾರ್ಥನಾ ಮಂದಿರವನ್ನೂ ಕಟ್ಟಿಕೊಂಡರು. ಪಾದ್ರಿಗಳು ವಿರಳ, ಇದ್ದವರೂ ನಾಲ್ಕಾರು ಪಂಥಗಳಿಗೆ ಸೇರಿ ಒಬ್ಬರನ್ನೊಬ್ಬರು ಅಲ್ಲಗಳೆಯುತ್ತಿದ್ದರು. ಅರಸನನ್ನು ತಳ್ಳಿದ ಜನಕ್ಕೆ ಪಾದ್ರಿಯ ಅಧಿಕಾರವನ್ನೂ ಪ್ರಶ್ನಿಸಬಹುದೆಂಬ ಧೈರ್ಯ ಬಂದುದು ಸಹಜವೇ.

ಸ್ಟೋನನು ಮೇರಿಲ್ಯಾಂಡಿನಲ್ಲಿ 1772ರಲ್ಲಿ ಹುಟ್ಟಿದವನು. 1798ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯಾಗಿ ದೀಕ್ಷೆ ಪಡೆಯುವಾಗ, ಆ ಪಂಥದ ವೆಸ್ಟ್‌ಮಿನ್‌ಸ್ಟರ್ ಪ್ರಮಾಣಸೂತ್ರವನ್ನು ದೇವರ ವಾಕ್ಯಕ್ಕೆ ಹೊಂದುವಷ್ಟರ ಮಟ್ಟಿಗೆ ಮಾತ್ರ ಒಪ್ಪುವೆನೆಂದು ಹೇಳಿ ಪಾರಾದನು. 1801ರ ಆಗಸ್ಟ್ ತಿಂಗಳಲ್ಲಿ ಅವನ ಕೇನ್ ರಿಡ್ಜ್ ಸಭೆಯಲ್ಲಿ ಹಲವು ದಿನಗಳ ಕೂಟವೊಂದು ನಡೆಯಿತು. ಬಂಡಿ ಕಟ್ಟಿಕೊಂಡು ಸಂಸಾರ ಸಮೇತ ಬಂದವರ ಸಂಖ್ಯೆ ಕಡಿಮೆಯೆಂದರೆ 10,000 ಎಂದು ಸಮಕಾಲೀನರು ಎಣಿಸಿದ್ದಾರೆ. ಅದರ ಎರಡರಷ್ಟು ಹೇಳಿದವರೂ ಉಂಟು. ಅತಿಶಯವನ್ನು ಕಳೆದರೂ, ಊರುಗಳೇ ಇಲ್ಲದ ನಾಡಿನಲ್ಲಿ ಅದು ಅಪಾರ ಜನಸ್ತೋಮ. ಪ್ರೆಸ್ಬಿಟೇರಿಯನ್, ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಪ್ರಚಾರಕರು ಬಯಲಿನ ಬೇರೆ ಬೇರೆ ಕಡೆ ಮರದ ಕೊರಡುಗಳ ಮೇಲೆ ನಿಂತು ಏಕಕಾಲಕ್ಕೆ ಉಪದೇಶಿಸಿದರು. ಕೇಳಿದವರು ಅತ್ತರು, ನಡುಗಿದರು, ಮೂರ್ಛೆಹೋಗಿ ನೆಲಕ್ಕೊರಗಿದರು. ಈ ದೇಹವಿಕಾರಗಳನ್ನೇ ಕುರಿತು ಬರೆದವರು ಬಹುಮಂದಿ. ಸ್ಟೋನನ ಮನಸ್ಸಿಗೆ ನಾಟಿದುದು ಬೇರೊಂದು ಸಂಗತಿ: ಯಾವ ಪಂಥದ ಪ್ರಮಾಣಸೂತ್ರವನ್ನೂ ಕೇಳದೆ ಜನ ಒಟ್ಟಿಗೆ ಕುಳಿತಿದ್ದರು. ಮೂರು ವರ್ಷಗಳ ಅನಂತರ ಬಂದ ಮರಣಶಾಸನದ ಬೀಜ ಇಲ್ಲಿದೆ. ಆದರೆ ಅದಕ್ಕೆ ಸಹಿ ಹಾಕಿದ ಆರು ಮಂದಿಯಲ್ಲಿ ಇಬ್ಬರು ಬೇಗನೆ ಶೇಕರ್ ಪಂಥವನ್ನು ಸೇರಿದರು, ಇನ್ನಿಬ್ಬರು ಕಾಲಾಂತರದಲ್ಲಿ ಪ್ರೆಸ್ಬಿಟೇರಿಯನ್ನರಲ್ಲಿಗೆ ಮರಳಿದರು. ಐಕ್ಯದ ಮಾತು ಎಷ್ಟು ಸುಲಭ, ಬಾಳು ಎಷ್ಟು ಕಠಿಣವೆಂಬುದು ಸ್ಟೋನನಿಗೆ ಮೊದಲೇ ತಿಳಿದುಹೋಯಿತು.

ಇದೇ ಧ್ವನಿ ಬೇರೆ ಕಡೆಗಳಲ್ಲಿಯೂ ಎದ್ದಿದ್ದಿತು. ಬಿಷಪ್ಪನ ಏಕಾಧಿಪತ್ಯವನ್ನು ಸಹಿಸದೆ ಮೆಥೊಡಿಸ್ಟರಿಂದ ಹೊರಬಂದ ವರ್ಜೀನಿಯಾದ ಜೇಮ್ಸ್ ಓಕೆಲಿ ತನ್ನವರನ್ನು ಮೊದಲು ‘ರಿಪಬ್ಲಿಕನ್ ಮೆಥೊಡಿಸ್ಟ’ರೆಂದು ಕರೆದುದು ಅರ್ಥಪೂರ್ಣ; ಗಣರಾಜ್ಯದ ರಾಜಕೀಯ ಪದ ನೇರವಾಗಿ ಧರ್ಮದ ಅಂಗಳಕ್ಕೆ ಬಂದಿತು. ನ್ಯೂ ಇಂಗ್ಲೆಂಡಿನಲ್ಲಿ ಇಲಾಯಸ್ ಸ್ಮಿತ್ 1808ರಲ್ಲಿ ‘ಹೆರಾಲ್ಡ್ ಆಫ್ ಗಾಸ್ಪೆಲ್ ಲಿಬರ್ಟಿ’ ಎಂಬ ಧಾರ್ಮಿಕ ವೃತ್ತಪತ್ರಿಕೆಯನ್ನೇ ಹೊರಡಿಸಿದನು. ಜೆಫರ್ಸನ್ನನ ಪಕ್ಷದ ಕಟ್ಟಾ ಅನುಯಾಯಿಯಾದ ಅವನಿಗೆ ಸುವಾರ್ತೆಯ ಸ್ವಾತಂತ್ರ್ಯವೂ ಪ್ರಜೆಯ ಸ್ವಾತಂತ್ರ್ಯವೂ ಒಂದೇ ನಾಣ್ಯದ ಎರಡು ಮುಖಗಳಾಗಿದ್ದುವು.

ಚಳವಳಿಗೆ ಶಾಸ್ತ್ರದ ಬೆನ್ನೆಲುಬು ಕೊಟ್ಟವರು ಮಾತ್ರ ಐರ್ಲೆಂಡಿನಿಂದ ಬಂದ ತಂದೆ ಮಗ, ಥಾಮಸ್ ಕ್ಯಾಂಬೆಲ್ ಮತ್ತು ಅಲೆಕ್ಸಾಂಡರ್ ಕ್ಯಾಂಬೆಲ್. ಥಾಮಸನು ಪ್ರೆಸ್ಬಿಟೇರಿಯನ್ನರ ಒಂದು ಒಳಶಾಖೆಯ ಒಳಶಾಖೆಗೆ ಸೇರಿದ ಪಾದ್ರಿ. ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿ ನಾಗರಿಕರು ಮಾಡಬೇಕಾಗಿದ್ದ ಒಂದು ಪ್ರಮಾಣವಚನದ ವಿಷಯದಲ್ಲಿ ಅಲ್ಲಿಯ ಭಕ್ತರು ಒಡೆದಿದ್ದರು. ಆ ಪ್ರಮಾಣವೇ ಇಲ್ಲದ ಐರ್ಲೆಂಡಿನಲ್ಲಿಯೂ ಅದೇ ಒಡಕು ಶ್ರದ್ಧೆಯಿಂದ ಪಾಲನೆಯಾಗುತ್ತಿದ್ದಿತು! ಈ ವ್ಯರ್ಥತೆಯನ್ನು ಹೋಗಲಾಡಿಸಲು ಹೆಣಗಿ ಸೋತ ಥಾಮಸನು 1807ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದನು. ಅಲ್ಲಿ ಬೇರೆ ಶಾಖೆಯ ಪ್ರೆಸ್ಬಿಟೇರಿಯನ್ನರಿಗೆ ಪ್ರಭುಭೋಜನದಲ್ಲಿ ಪಾಲು ನೀಡಿದನೆಂಬುದೇ ಅವನ ಮೇಲೆ ಬಂದ ಆಪಾದನೆ. ಅವನು ಪಂಥವನ್ನು ಬಿಟ್ಟು 1809ರಲ್ಲಿ ‘ಘೋಷಣೆ ಮತ್ತು ವಿಜ್ಞಾಪನೆ’ಯೆಂಬ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಆ ಹೊತ್ತಿಗೆ ಮಗ ಅಲೆಕ್ಸಾಂಡರನು ಗ್ಲಾಸ್ಗೋದಲ್ಲಿದ್ದನು. ಅಮೆರಿಕಕ್ಕೆ ಹೊರಟ ಹಡಗು ಒಡೆದು ಅಲ್ಲಿ ಒಂದು ವರ್ಷ ಓದುವ ಅವಕಾಶ ಒದಗಿದ್ದಿತು. ಪ್ರಭುಭೋಜನಕ್ಕೆ ಅರ್ಹನೆಂದು ಪರೀಕ್ಷಿಸಿ ಕೊಡುತ್ತಿದ್ದ ಲೋಹದ ಬಿಲ್ಲೆಯನ್ನು ಪಡೆದೂ, ಅದನ್ನು ತಟ್ಟೆಯಲ್ಲಿ ಹಾಕಿ ಭೋಜನ ಸ್ವೀಕರಿಸದೆ ಅವನು ಹೊರನಡೆದನು. ಅದೇ ವರ್ಷದ ಶರತ್ಕಾಲದಲ್ಲಿ ತಂದೆಮಕ್ಕಳು ಪೆನ್ಸಿಲ್ವೇನಿಯಾದ ದಾರಿಯಲ್ಲಿ ಭೇಟಿಯಾದಾಗ, ತಾನು ಪಂಥ ಬಿಟ್ಟುದನ್ನು ಹೇಗೆ ತಿಳಿಸುವುದೆಂಬ ಅಳುಕು ಇಬ್ಬರಿಗೂ ಇದ್ದಿತು.

ಧರ್ಮಗ್ರಂಥ ಮಾತನಾಡುವ ಎಡೆಯಲ್ಲಿ ಮಾತು, ಅದು ಸುಮ್ಮನಿರುವ ಎಡೆಯಲ್ಲಿ ಮೌನ: ಥಾಮಸನು ತನ್ನ ಗೆಳೆಯರಿಗೆ ಕೊಟ್ಟ ನಿಯಮದ ತಾತ್ಪರ್ಯವಿದು. ಹೊಸ ಒಡಂಬಡಿಕೆಯಲ್ಲಿ ಸ್ಪಷ್ಟವಾದ ಆಜ್ಞೆಯಾಗಲಿ ಅಪೊಸ್ತಲರ ಮೇಲ್ಪಂಕ್ತಿಯಾಗಲಿ ಇಲ್ಲದ ಯಾವುದನ್ನೂ ಸಭೆಯ ಸದಸ್ಯತ್ವಕ್ಕೆ ಷರತ್ತಾಗಿ ವಿಧಿಸಕೂಡದು. ಕೇಳುವುದಕ್ಕೆ ಇದು ಸರಳ. ಶಿಶುಗಳ ದೀಕ್ಷಾಸ್ನಾನದ ಪ್ರಶ್ನೆ ಎದ್ದೊಡನೆ ಇದರ ಹರಿತ ಗೊತ್ತಾಯಿತು. 1812ರಲ್ಲಿ ಮೊದಲ ಮಗಳು ಹುಟ್ಟಿದಾಗ ಅಲೆಕ್ಸಾಂಡರನು ಗ್ರಂಥವನ್ನು ಮತ್ತೆ ಶೋಧಿಸಿ, ಶಿಶುದೀಕ್ಷೆಗೆ ಅಲ್ಲಿ ಆಧಾರವಿಲ್ಲವೆಂದು ನಿರ್ಣಯಿಸಿ, ಅದೇ ಜೂನಿನಲ್ಲಿ ಬಫಲೋ ತೊರೆಯ ನೀರಿನಲ್ಲಿ ಮುಳುಗಿ ತಾನೇ ಹೊಸದಾಗಿ ದೀಕ್ಷಾಸ್ನಾನ ಪಡೆದನು. ಇದರಿಂದ ಬ್ಯಾಪ್ಟಿಸ್ಟರ ನಂಟು ಬೆಳೆದು, 1830ರ ಸುಮಾರಿಗೆ ಹರಿದುಹೋಯಿತು.

ಈ ನಿಯಮದ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ: ಅಕ್ಷರ ಬಲ್ಲ ಯಾವನೇ ಆಗಲಿ ಪೂರ್ವಗ್ರಹವಿಲ್ಲದೆ ಓದಿದರೆ ಗ್ರಂಥದ ಅರ್ಥ ಎಲ್ಲರಿಗೂ ಒಂದೇ ಆಗಿ ಕಾಣುವುದು. ಜಾನ್ ಲಾಕ್, ಫ್ರಾನ್ಸಿಸ್ ಬೇಕನ್ ಮತ್ತು ಸ್ಕಾಟ್ಲೆಂಡಿನ ಸಾಮಾನ್ಯಜ್ಞಾನವಾದಿ ದಾರ್ಶನಿಕರ ಬೋಧನೆ ಇದರಲ್ಲಿ ಬೆರೆತಿದೆ. ಪ್ರಕೃತಿಯ ತಥ್ಯಗಳನ್ನು ಕೂಡಿಸಿ ವಿಜ್ಞಾನಿ ನಿಯಮವನ್ನು ಕಾಣುವಂತೆ ಗ್ರಂಥದ ತಥ್ಯಗಳನ್ನು ಕೂಡಿಸಿ ಭಕ್ತನು ಧರ್ಮವನ್ನು ಕಾಣಬೇಕು. ಕೆಂಟುಕಿಯಲ್ಲಿ 1836ರಲ್ಲಿ ಚಳವಳಿಯವರು ತೆರೆದ ಕಾಲೇಜಿಗೆ ಸಂತನೊಬ್ಬನ ಹೆಸರಿಡದೆ ಬೇಕನ್ನನ ಹೆಸರಿಟ್ಟರು. ಒಹಾಯೊದ ಹಳ್ಳಿಗಳಲ್ಲಿ ವಾಲ್ಟರ್ ಸ್ಕಾಟ್ ಎಂಬ ಪ್ರಚಾರಕನು 1827ರಿಂದ ಮುಕ್ತಿಮಾರ್ಗವನ್ನು ಕೈಯ ಐದು ಬೆರಳುಗಳಲ್ಲಿ ಎಣಿಸಿ ತೋರಿಸಿದನು: ವಿಶ್ವಾಸ, ಪಶ್ಚಾತ್ತಾಪ, ದೀಕ್ಷಾಸ್ನಾನ, ಪಾಪಕ್ಷಮೆ, ಪವಿತ್ರಾತ್ಮನ ವರ. ಶಾಲೆ ಬಿಟ್ಟು ಮನೆಗೆ ಹೋಗುವ ಮಕ್ಕಳಿಗೆ ಇದನ್ನು ಕಲಿಸಿ, ಇಂದು ಸಂಜೆ ಇದೇ ವಿಷಯದ ಉಪದೇಶವಿದೆಯೆಂದು ತಂದೆತಾಯಿಗಳಿಗೆ ಹೇಳಿಕಳುಹಿಸುತ್ತಿದ್ದನು. ಕ್ಯಾಲ್ವಿನ್ನನ ಸಿದ್ಧಾಂತದಂತೆ ದೇವರು ತನ್ನನ್ನು ಆರಿಸಿದ್ದಾನೋ ಇಲ್ಲವೋ ಎಂದು ವರ್ಷಗಟ್ಟಲೆ ಕಾತರಿಸಿ ಕುಳಿತಿದ್ದ ರೈತನಿಗೆ, ನಂಬಿ ನೀರಿಗಿಳಿದರೆ ಕ್ಷಮೆ ನಿಶ್ಚಿತವೆಂಬ ಮಾತು ಎಂಥ ಬಿಡುಗಡೆಯಾಗಿ ಕೇಳಿಸಿತೆಂಬುದನ್ನು ಊಹಿಸಬಹುದು.

ಅಲೆಕ್ಸಾಂಡರನ ಅಸ್ತ್ರ ಲೇಖನಿ. 1823ರಿಂದ 1830ರವರೆಗೆ ನಡೆಸಿದ ‘ಕ್ರಿಶ್ಚಿಯನ್ ಬ್ಯಾಪ್ಟಿಸ್ಟ್’ ಪತ್ರಿಕೆಯಲ್ಲಿ ಅವನು ಪಾದ್ರಿಗಳ ಸಂಬಳ, ಬಿರುದು, ನಿಲುವಂಗಿ, ಮಿಷನ್ ಸಂಘಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡಿದನು. ಸಭೆಯನ್ನು ಅದರ ಹಿರಿಯರೇ ನಡೆಸಬೇಕು, ಪ್ರಭುಭೋಜನ ಪ್ರತಿ ಭಾನುವಾರವೂ ನಡೆಯಬೇಕು, ಅದಕ್ಕೆ ಪಾದ್ರಿಗಾಗಿ ಕಾಯಬೇಕಾದುದಿಲ್ಲ ಎಂದನು. ಪಾದ್ರಿ ತಿಂಗಳಿಗೊಮ್ಮೆ ಬಂದರೆ ಪುಣ್ಯವೆನ್ನುವಂತಿದ್ದ ಗಡಿನಾಡಿಗೆ ಇದು ಶಾಸ್ತ್ರವೂ ಹೌದು, ಅನುಕೂಲವೂ ಹೌದು. 1826ರಲ್ಲಿ ಹೊಸ ಒಡಂಬಡಿಕೆಯ ಹೊಸ ಇಂಗ್ಲಿಷ್ ಆವೃತ್ತಿಯೊಂದನ್ನು ಅಚ್ಚುಹಾಕಿ, ಬ್ಯಾಪ್ಟಿಸಂ ಎಂಬ ಗ್ರೀಕ್ ಮೂಲದ ಪದದ ಬದಲು ಮುಳುಗುವಿಕೆಯೆಂಬ ಅರ್ಥದ ಸಾದಾ ಪದವನ್ನು ಬಳಸಿದನು. ಮಾವನಿಂದ ಬಂದ ಜಮೀನಿನಲ್ಲಿ, ಮುಂದೆ ಬೆಥನಿ ಎಂದು ಹೆಸರಾದ ಜಾಗದಲ್ಲಿ, ಮುದ್ರಣಾಲಯವನ್ನು ನಿಲ್ಲಿಸಿ, ಅಲ್ಲಿಗೆ ಅಂಚೆಕಚೇರಿಯನ್ನೂ ತರಿಸಿಕೊಂಡನು. ಪೋಸ್ಟ್‌ಮಾಸ್ಟರನಾಗಿಯೂ ತಾನೇ ನೇಮಕಗೊಂಡುದರಿಂದ ತನ್ನ ಪತ್ರಗಳನ್ನು ಉಚಿತವಾಗಿ ಕಳುಹಿಸುವ ಹಕ್ಕು ದೊರೆಯಿತು. ಪಾದ್ರಿಗಳಿಗೆ ಸರಕಾರದ ಆಸರೆ ಬೇಡವೆಂದು ವಾದಿಸಿದವನು ಸರಕಾರದ ಅಂಚೆಯನ್ನು ಚೆನ್ನಾಗಿಯೇ ಬಳಸಿಕೊಂಡನು.

ಅವನ ವಾದಸಭೆಗಳು ಅಂದಿನ ಸಮಾಜದಲ್ಲಿ ಜಾತ್ರೆಗಳಂತೆ ಜನರನ್ನು ಸೆಳೆದುವು. 1829ರ ಏಪ್ರಿಲ್ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ರಾಬರ್ಟ್ ಓವೆನ್ನನೊಡನೆ ನಡೆದ ವಾದ ಎಂಟು ದಿನಗಳದು. ಓವೆನ್ ಬ್ರಿಟನ್ನಿನ ಹತ್ತಿ ಗಿರಣಿಗಳ ಸುಧಾರಕ, ಇಂಡಿಯಾನಾದ ನ್ಯೂ ಹಾರ್ಮನಿಯಲ್ಲಿ ಸಮತಾವಾದಿ ವಸಾಹತನ್ನು ಕಟ್ಟಿ ಸೋತವನು. ಎಲ್ಲ ಮತಗಳೂ ಅಜ್ಞಾನದಿಂದ ಹುಟ್ಟಿದುವೆಂಬುದು ಅವನ ಪಕ್ಷ. ಅವನು ತನ್ನ ಹನ್ನೆರಡು ಸೂತ್ರಗಳನ್ನೇ ಮತ್ತೆ ಮತ್ತೆ ಓದಿದನು. ಕ್ಯಾಂಬೆಲ್ಲನು ಒಂದೇ ಭಾಷಣವನ್ನು ಬಿಡುವು ಕೊಟ್ಟು ಕೊಟ್ಟು ಹನ್ನೆರಡು ಗಂಟೆಗಳ ಕಾಲ ಮುಂದುವರಿಸಿದನು. ಸಭೆಯಲ್ಲಿದ್ದ ಇಂಗ್ಲಿಷ್ ಲೇಖಕಿ ಫ್ರಾನ್ಸಿಸ್ ಟ್ರಾಲಪ್, ಇಬ್ಬರೂ ಒಮ್ಮೆಯೂ ತಾಳ್ಮೆಗೆಡದೆ ನಗುನಗುತ್ತಲೇ ವಾದಿಸಿದುದನ್ನು ಅಚ್ಚರಿಯಿಂದ ದಾಖಲಿಸಿದ್ದಾಳೆ. ಪರಧರ್ಮದವನನ್ನು ಮಾತಿನಲ್ಲಿ ಎದುರಿಸಿ, ಅನಂತರ ಅವನೊಡನೆ ಊಟಕ್ಕೆ ಕೂರುವ ಈ ಪದ್ಧತಿ ಚಳವಳಿ ಆ ಸಮಾಜಕ್ಕೆ ಕೊಟ್ಟ ಒಳ್ಳೆಯ ಕೊಡುಗೆಗಳಲ್ಲೊಂದೆಂದು ಒಪ್ಪಬೇಕು. 1843ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿ ನೇತನ್ ರೈಸನೊಡನೆ ಲೆಕ್ಸಿಂಗ್ಟನ್ನಿನಲ್ಲಿ ವಾದ ನಡೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವನು ರಾಜಕಾರಣಿ ಹೆನ್ರಿ ಕ್ಲೇ.

ಓವೆನ್ನನ ವಾದ ನಡೆದ ವರ್ಷವೇ ಕ್ಯಾಂಬೆಲ್ಲನು ವರ್ಜೀನಿಯಾದ ಸಂವಿಧಾನ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋದನು. ಮ್ಯಾಡಿಸನ್, ಮನ್ರೊ, ನ್ಯಾಯಾಧೀಶ ಜಾನ್ ಮಾರ್ಷಲ್ ಮೊದಲಾದ ಹಿರಿಯರಿದ್ದ ಸಭೆಯದು. ಜಮೀನು ಉಳ್ಳವನಿಗೆ ಮಾತ್ರ ಮತದ ಹಕ್ಕು ಎಂಬ ಹಳೆಯ ಕಟ್ಟಳೆಯನ್ನು ಅವನು ವಿರೋಧಿಸಿದನು. ಪಶ್ಚಿಮದ ಬೆಟ್ಟಗಾಡಿನ ಸಣ್ಣ ರೈತರ ಪರವಾಗಿ, ಪ್ರಾತಿನಿಧ್ಯಕ್ಕೆ ಜನಸಂಖ್ಯೆಯೇ ಆಧಾರವಾಗಬೇಕೆಂದು ಕೇಳಿದನು. ಪೂರ್ವದ ತೋಟಗಾರರಾದರೋ ತಮ್ಮ ದಾಸರೂ ಆಸ್ತಿಯಾದುದರಿಂದ ಆ ಆಸ್ತಿಗೂ ತೂಕ ಬೇಕೆಂದರು. ಗೆದ್ದವರು ಬಹುಮಟ್ಟಿಗೆ ಅವರೇ. ಆದರೆ ಕ್ಯಾಂಬೆಲ್ಲನು ಎಣಿಸಬೇಕೆಂದ ಜನಸಂಖ್ಯೆ ಬಿಳಿಯರದು ಮಾತ್ರವೆಂಬುದನ್ನು ಮರೆಯುವಂತಿಲ್ಲ. ಯಾವನೂ ಓದಿ ಅರಿಯಬಲ್ಲನೆಂಬ ಅವನ ಮಾತಿನ ಎಲ್ಲೆ ಎಲ್ಲಿದ್ದಿತೆಂಬುದು ಇಲ್ಲಿ ಕಾಣಿಸಿಕೊಳ್ಳುತ್ತದೆ.

1832ರ ಹೊಸವರ್ಷದ ಹೊತ್ತಿಗೆ ಲೆಕ್ಸಿಂಗ್ಟನ್ನಿನಲ್ಲಿ ಸ್ಟೋನನ ‘ಕ್ರೈಸ್ತರು’ ಮತ್ತು ಕ್ಯಾಂಬೆಲ್ಲನ ‘ಶಿಷ್ಯರು’ ಒಂದಾದರು. ಕ್ಯಾಂಬೆಲ್ಲನು ಅಲ್ಲಿರಲಿಲ್ಲ. ‘ರಕೂನ್’ ಜಾನ್ ಸ್ಮಿತ್ ಎಂಬ ಹಳ್ಳಿಗಾಡಿನ ಪ್ರಚಾರಕನು ಎದ್ದು, ಇನ್ನು ಮೇಲೆ ಸ್ಟೋನನ ಕಡೆಯವರು ಕ್ಯಾಂಬೆಲ್ಲನ ಕಡೆಯವರೆಂಬ ಮಾತು ಬೇಡವೆಂದನು. ಸ್ಟೋನನು ಅವನ ಕೈ ಹಿಡಿದನು. ಇಡೀ ಸಭೆ ಕೈ ಕೈ ಕುಲುಕಿತು. ಸಹಿಯಿಲ್ಲ, ಒಪ್ಪಂದವಿಲ್ಲ, ಸಮಿತಿಯಿಲ್ಲ. ಸಾಮೂಹಿಕ ಹೆಸರು ಯಾವುದೆಂಬುದೂ ತೀರ್ಮಾನವಾಗಲಿಲ್ಲ. ಆದರೂ 1860ರ ವೇಳೆಗೆ ಇವರ ಸಂಖ್ಯೆ ಸುಮಾರು 2 ಲಕ್ಷಕ್ಕೆ ಮುಟ್ಟಿದ್ದಿತು.

ಈ ಎರಡು ಲಕ್ಷ ಜನ ಹರಡಿಕೊಂಡಿದ್ದುದು ದಾಸ್ಯವಿದ್ದ ಮತ್ತು ದಾಸ್ಯವಿಲ್ಲದ ಪ್ರಾಂತಗಳ ಗಡಿಯ ಇಬ್ಬದಿಗಳಲ್ಲಿ. ಮೌನದ ನಿಯಮ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದುದು ಇಲ್ಲಿಯೇ. ಸ್ಟೋನನು ತನ್ನ ಪಾಲಿಗೆ ಬಂದ ದಾಸರನ್ನು ಬಹಳ ಹಿಂದೆಯೇ ಬಿಡುಗಡೆ ಮಾಡಿದ್ದನು. ಹೆಂಡತಿಯ ತವರಿನಿಂದ ಬಂದ ದಾಸರು ಮಾತ್ರ ಧರ್ಮದರ್ಶಿಗಳ ವಶದಲ್ಲಿದ್ದುದರಿಂದ ಕೆಂಟುಕಿಯಲ್ಲಿ ಅವರನ್ನು ಬಿಡಿಸುವ ಅಧಿಕಾರ ಅವನಿಗಿರಲಿಲ್ಲ. 1834ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಅವನು ದಾಸ್ಯವಿಲ್ಲದ ಇಲಿನಾಯ್ ಪ್ರಾಂತಕ್ಕೆ ಮನೆಯನ್ನೇ ಬದಲಿಸಿದನು.

ಕ್ಯಾಂಬೆಲ್ಲನೂ ತನ್ನಲ್ಲಿದ್ದ ಕೆಲವೇ ದಾಸರನ್ನು ಬಿಡುಗಡೆ ಮಾಡಿದವನೇ. ದಾಸ್ಯ ದೇಶಕ್ಕೆ ಕೇಡೆಂದು ಮತ್ತೆ ಮತ್ತೆ ಬರೆದವನೇ. ಆದರೆ 1845ರಲ್ಲಿ, ಮೆಥೊಡಿಸ್ಟರೂ ಬ್ಯಾಪ್ಟಿಸ್ಟರೂ ಇದೇ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣಗಳಾಗಿ ಸೀಳಿಹೋದ ಹೊತ್ತಿನಲ್ಲಿ, ಅವನು ತನ್ನ ಪತ್ರಿಕೆಯಲ್ಲಿ ಲೇಖನಮಾಲೆಯೊಂದನ್ನು ಬರೆದು ನಿಯಮವನ್ನು ಅಕ್ಷರಶಃ ಅನ್ವಯಿಸಿದನು. ಹೊಸ ಒಡಂಬಡಿಕೆ ಒಡೆಯನಿಗೂ ದಾಸನಿಗೂ ಕರ್ತವ್ಯಗಳನ್ನು ವಿಧಿಸುತ್ತದೆ. ಆ ಸಂಬಂಧವನ್ನೇ ಪಾಪವೆಂದು ಎಲ್ಲಿಯೂ ಖಂಡಿಸುವುದಿಲ್ಲ. ಆದುದರಿಂದ ದಾಸ್ಯ ಕಾಲಕ್ಕೆ ಒಪ್ಪದುದಾದರೂ, ದಾಸರನ್ನುಳ್ಳವನನ್ನು ಸಭೆಯಿಂದ ಹೊರಹಾಕಲು ಗ್ರಂಥದ ಅಧಿಕಾರವಿಲ್ಲ. ತರ್ಕದಲ್ಲಿ ಲೋಪವಿಲ್ಲ. ಐಕ್ಯವನ್ನು ಉಳಿಸುವ ಆತುರವೂ ಅರ್ಥವಾಗುವಂಥದೇ. ಆದರೆ ಮಗುವಿನ ದೀಕ್ಷಾಸ್ನಾನದ ವಿಷಯದಲ್ಲಿ ಗ್ರಂಥದ ಮೌನವನ್ನು ನಿಷೇಧವೆಂದು ಓದಿದವನು, ಮಾರುಕಟ್ಟೆಯಲ್ಲಿ ಮನುಷ್ಯನನ್ನು ಮಾರುವ ವಿಷಯದಲ್ಲಿ ಅದೇ ಮೌನವನ್ನು ಅನುಮತಿಯೆಂದು ಓದಿದನು. ಆ ಸಭೆಗಳಲ್ಲಿಯೇ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದ ಸಾವಿರಾರು ಕರಿಯ ವಿಶ್ವಾಸಿಗಳ ಓದು ಏನೆಂದು ಯಾರೂ ಕೇಳಲಿಲ್ಲ.

ಇದರ ಬೆಲೆಯನ್ನು ಅವನು ತಾನೂ ತೆತ್ತನು. 1847ರಲ್ಲಿ ಸ್ಕಾಟ್ಲೆಂಡಿಗೆ ಹೋದಾಗ ದಾಸ್ಯವಿರೋಧಿಗಳು ಎಡಿನ್‌ಬರೋದ ಗೋಡೆಗಳಿಗೆ ಅವನ ವಿರುದ್ಧ ಭಿತ್ತಿಪತ್ರ ಹಚ್ಚಿದರು. ವಿವಾದ ಬೆಳೆದು, ಅವರ ನಾಯಕನೊಬ್ಬ ಹೂಡಿದ ಮಾನನಷ್ಟದ ದಾವೆಯಲ್ಲಿ ಜಾಮೀನು ಬೇಡವೆಂದು ಕ್ಯಾಂಬೆಲ್ಲನು ಗ್ಲಾಸ್ಗೋದ ಸೆರೆಮನೆಯಲ್ಲಿ ಸುಮಾರು ಹತ್ತು ದಿನ ಕಳೆದನು. ಊರಿಗೆ ಮರಳುವ ವೇಳೆಗೆ, ಹತ್ತು ವರ್ಷದ ಮಗ ವಿಕ್ಲಿಫ್ ತೊರೆಯಲ್ಲಿ ಮುಳುಗಿ ತೀರಿಕೊಂಡಿದ್ದನು.

ಉತ್ತರದ ಕೆಲವರಿಗೆ ಮೌನ ಸಾಕೆನಿಸಲಿಲ್ಲ. ದಾಸ್ಯವಿರೋಧಿ ವಕೀಲ ಓವಿಡ್ ಬಟ್ಲರ್ ಇಂಡಿಯಾನಾಪೊಲಿಸಿನಲ್ಲಿ ಹೊಸ ವಿಶ್ವವಿದ್ಯಾಲಯಕ್ಕೆ ಅಡಿಪಾಯ ಹಾಕಿದನು. 1855ರಲ್ಲಿ ತೆರೆದ ಅದು ಕ್ಯಾಂಬೆಲ್ಲನ ಬೆಥನಿ ಕಾಲೇಜಿಗೆ ಎದುರಾಗಿ ನಿಂತಿತು. ಅದೇ ವರ್ಷ ಕಾನ್ಸಾಸಿನ ಆಚಿಸನ್ನಿನಲ್ಲಿ ಪಾರ್ಡೀ ಬಟ್ಲರ್ ಎಂಬ ಪ್ರಚಾರಕನು ದಾಸ್ಯದ ವಿರುದ್ಧ ಮಾತನಾಡಿದುದಕ್ಕಾಗಿ ಜನರ ಗುಂಪು ಅವನನ್ನು ದಿಮ್ಮಿಗಳ ತೆಪ್ಪದ ಮೇಲೆ ಮಿಸೌರಿ ನದಿಯಲ್ಲಿ ತೇಲಿಬಿಟ್ಟಿತು. ಅವನು ಬದುಕಿ ಮರಳಿ ಬಂದು ಮತ್ತೆ ಉಪದೇಶಿಸಿದನು. ಇತ್ತ 1849ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ ಮಿಷನ್ ಸಂಘಕ್ಕೆ, ಒಂದು ಕಾಲಕ್ಕೆ ಅಂಥ ಸಂಘಗಳನ್ನೆಲ್ಲ ಗೇಲಿ ಮಾಡಿದ್ದ ಕ್ಯಾಂಬೆಲ್ಲನೇ ಅಧ್ಯಕ್ಷನಾದನು. ಸಂಘ ಜೆರುಸಲೇಮಿಗೆ ಕಳುಹಿಸಿದ ಮೊದಲ ಪ್ರಚಾರಕ ಜೇಮ್ಸ್ ಬಾರ್ಕ್ಲೆ ವರ್ಜೀನಿಯಾದ ಸಿರಿವಂತ ವೈದ್ಯ. ಜೆಫರ್ಸನ್ನನ ಮಾಂಟಿಸೆಲ್ಲೊ ಬಂಗಲೆ ಕೆಲಕಾಲ ಇವನ ಒಡೆತನದಲ್ಲಿದ್ದಿತು. ಅನಂತರ ಲೈಬೀರಿಯಾಕ್ಕೆ ಹೋದವನು ಅಲೆಕ್ಸಾಂಡರ್ ಕ್ರಾಸ್. ಅವನು ದಾಸನಾಗಿದ್ದವನು, ಕೆಂಟುಕಿಯ ಹಾಪ್‌ಕಿನ್ಸ್‌ವಿಲ್ ಸಭೆ ಹಣ ತೆತ್ತು ಅವನನ್ನು ಬಿಡಿಸಿದ್ದಿತು. ಆಫ್ರಿಕಾ ತಲುಪಿದ ಕೆಲವೇ ತಿಂಗಳಲ್ಲಿ ಜ್ವರದಿಂದ ಅವನು ಅಸುನೀಗಿದನು.

ಅಂತರ್ಯುದ್ಧ ಬಂದಿತು. ಚಳವಳಿಯ ಯುವ ಉಪದೇಶಕ ಜೇಮ್ಸ್ ಗಾರ್ಫೀಲ್ಡ್ ಉತ್ತರದ ಸೇನೆಯಲ್ಲಿ ಸೇನಾನಿಯಾದನು. ಮುಂದೆ 1881ರಲ್ಲಿ ರಾಷ್ಟ್ರಾಧ್ಯಕ್ಷನೂ ಆದನು. ಕ್ಯಾಂಬೆಲ್ಲನ ಸ್ವಂತ ಮಗ ದಕ್ಷಿಣದ ಸೇನೆಯನ್ನು ಸೇರಿದನು. ಅಣ್ಣತಮ್ಮಂದಿರ ಮಗನೊಬ್ಬ ವೀಲಿಂಗ್ ಪಟ್ಟಣದಲ್ಲಿ ಉತ್ತರದ ಪರ ಪತ್ರಿಕೆ ನಡೆಸಿದನು. 1863ರಲ್ಲಿ ಮಿಷನ್ ಸಂಘ ಕೇಂದ್ರ ಸರಕಾರಕ್ಕೆ ನಿಷ್ಠೆಯ ಗೊತ್ತುವಳಿಯನ್ನು ಸ್ವೀಕರಿಸಿತು. ದಕ್ಷಿಣದ ಸದಸ್ಯರು ಆ ಸಭೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಕ್ರೈಸ್ತನು ಯುದ್ಧದಲ್ಲಿ ಸೇರಬಾರದು, ಮತವನ್ನೂ ಹಾಕಬಾರದು ಎಂಬ ನಿಲುವಿಗೆ ಬಂದಿದ್ದ ಟೆನೆಸೀಯ ಡೇವಿಡ್ ಲಿಪ್ಸ್‌ಕೂಂಬನಿಗೆ ಇದು ಆರದ ಗಾಯವಾಯಿತು. 1866ರ ಮಾರ್ಚ್ 4ರಂದು ಕ್ಯಾಂಬೆಲ್ಲನು ಬೆಥನಿಯಲ್ಲಿ ತೀರಿಕೊಂಡ ವರ್ಷವೇ ಲಿಪ್ಸ್‌ಕೂಂಬನು ‘ಗಾಸ್ಪೆಲ್ ಅಡ್ವೊಕೇಟ್’ ಪತ್ರಿಕೆಯನ್ನು ಮತ್ತೆ ಆರಂಭಿಸಿ ದಕ್ಷಿಣದ ದನಿಯನ್ನು ಕಟ್ಟಿದನು. ಆಮೇಲಿನ ಜಗಳಗಳು ಆರ್ಗನ್ ವಾದ್ಯ ಸಲ್ಲುವುದೇ, ಮಿಷನ್ ಸಂಘ ಸಲ್ಲುವುದೇ ಎಂಬ ಪ್ರಶ್ನೆಗಳ ಮೇಲೆ ನಡೆದುವು. ಎರಡೂ ಕಡೆಯವರು ಗ್ರಂಥದ ಮೌನವನ್ನೇ ಸಾಕ್ಷಿಗೆ ಕರೆದರು. ಅನುಕೂಲವಂತರಾದ ಪಟ್ಟಣದ ಸಭೆಗಳು ಆರ್ಗನ್ ಕೊಂಡುವು. ಯುದ್ಧದಲ್ಲಿ ಮನೆಮಾರು ಕಳೆದುಕೊಂಡ ದಕ್ಷಿಣದ ಹಳ್ಳಿಯ ಸಭೆಗಳಿಗೆ ವಾದ್ಯ ಅಧರ್ಮವಾಗಿ ಕಂಡಿತು.

1907ರಲ್ಲಿ ಕೇಂದ್ರ ಸರಕಾರದ ಜನಗಣತಿಯ ನಿರ್ದೇಶಕನು ಲಿಪ್ಸ್‌ಕೂಂಬನಿಗೆ ಪತ್ರ ಬರೆದು, ‘ಚರ್ಚಸ್ ಆಫ್ ಕ್ರೈಸ್ಟ್’ ಎಂಬವರು ‘ಡಿಸೈಪಲ್ಸ್ ಆಫ್ ಕ್ರೈಸ್ಟ್’ ಎಂಬವರಿಂದ ಬೇರೆಯೇ ಎಂದು ಕೇಳಿದನು. ಬೇರೆಯೆಂದು ಲಿಪ್ಸ್‌ಕೂಂಬನು ಉತ್ತರಿಸಿದನು. 1906ನೆಯ ವರ್ಷದ ಧಾರ್ಮಿಕ ಗಣತಿ ಅಚ್ಚಾಗಿ ಬಂದಾಗ ಅವರು ಎರಡು ಪಂಥಗಳಾಗಿ ಎರಡು ಪ್ರತ್ಯೇಕ ಸಾಲುಗಳಲ್ಲಿ ನಮೂದಾದರು. ಒಂದು ಸಾಲಿನಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ. ಇನ್ನೊಂದರಲ್ಲಿ ಸುಮಾರು 1,60,000. ಈ ಎರಡನೆಯ ಸಾಲಿನವರಲ್ಲಿ ಬಹುಪಾಲು ಜನ ವಾಸಿಸುತ್ತಿದ್ದುದು ನಲವತ್ತು ವರ್ಷಗಳ ಹಿಂದೆ ಯುದ್ಧದಲ್ಲಿ ಸೋತ ಪ್ರಾಂತಗಳಲ್ಲಿ.